ಒಂದು ಬಕೆಟ್ ಕೋಳಿ ಗೊಬ್ಬರ

ಕೀಲಿಯಣ್ಣನಿಗೆ ಗೊಬ್ಬರ ಬೇಕಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಏಕೆಂದರೆ ಅವನ ಹಿತ್ತಲಿಗೆ ಕಾಲಿಟ್ಟ ಯಾರೇ ಆದರೂ, ಈ ಮನುಷ್ಯನಿಗೆ ಗೊಬ್ಬರದ ಹುಚ್ಚು ಹಿಡಿದಿದೆ ಎಂದೇ ತೀರ್ಮಾನಿಸುತ್ತಿದ್ದರು. ಬಚ್ಚಲ ಗೋಡೆಗೆ ಒರಗಿ ಒಂದು ರಾಶಿ, ನಿಂಬೆಗಿಡದ ಪಕ್ಕ ಇನ್ನೊಂದು ರಾಶಿ, ಹಳೇ ನೀರಿನ ಡ್ರಮ್ಮಿನ ತುಂಬ, ಬಿರುಕು ಬಿಟ್ಟ ತೊಟ್ಟಿಯ ತುಂಬ, ಎಲ್ಲಿ ನೋಡಿದರಲ್ಲಿ ಕೋಳಿ ಗೊಬ್ಬರ. ಇಷ್ಟು ಗೊಬ್ಬರ ತಿನ್ನುವುದಕ್ಕೆ ಅಲ್ಲಿದ್ದದ್ದು ಎಂಟ್ಹತ್ತು ಬದನೆ ಗಿಡ, ಒಂದಿಷ್ಟು ಟೊಮೇಟೊ, ಒಂದು ಮಡಿ ಸೊಪ್ಪು. ಮದುವೆಮನೆಗೆ ಆಗುವಷ್ಟು ಅಡುಗೆ ಮಾಡಿ ಒಬ್ಬ ಅತಿಥಿಯನ್ನು ಕೂರಿಸಿದ ಹಾಗಿತ್ತು.

ಹಾಗಿದ್ದರೂ ಪ್ರತಿ ಭಾನುವಾರ ಬೆಳಿಗ್ಗೆ ಹಿಂದಿನ ಗೋಡೆಯ ಮೇಲೆ ನೀಲಿ ಬಕೆಟ್ಟು ಕಾಣಿಸಿಕೊಂಡಾಗ ಅವನು ಎರಡೂ ಕೈ ಚಾಚಿ ಅದನ್ನು ಇಳಿಸಿಕೊಳ್ಳುತ್ತಿದ್ದ. ಬೇಡ ಎನ್ನುವ ಮಾತು ಅವನ ಬಾಯಿಂದ ಬಂದದ್ದಿಲ್ಲ. ಅದು ಏಕೆಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅವನ ಕಸುಬು ಬೀಗ ರಿಪೇರಿ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಒಂದು ಚಪ್ಪಲಿ ಅಂಗಡಿಯ ಮೆಟ್ಟಿಲ ಕೆಳಗೆ, ನೆಟ್ಟಗೆ ನಿಂತರೆ ತಲೆ ತಾಕುವಂಥ ಗೂಡು ಅವನ ಅಂಗಡಿ. ಪ್ರಾಯದ ದಿನಗಳಿಂದ ಅಲ್ಲೇ ಕುಳಿತು ಕೀಲಿಕೈ ಕೊರೆದಿದ್ದ. ಯಂತ್ರದ ಕಿರ್ರೆನ್ನುವ ಸದ್ದಿಗೆ ಬಲಗಿವಿ ಪೂರ್ತಿ ಕೈಕೊಟ್ಟಿತ್ತು, ಎಡಗಿವಿಯೂ ಅಷ್ಟಕ್ಕಷ್ಟೇ. ಕೀಲಿಯನ್ನು ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡವರು ಅಣ್ಣಾ, ಅಣ್ಣಾ ಎಂದು ಓಡಿಬರುತ್ತಿದ್ದರು. ಒಲೆ ಮೇಲೆ ಹಾಲಿದೆ, ಮಗು ಮಲಗಿದೆ ಎಂದು ದಾರಿಯುದ್ದಕ್ಕೂ ಅವನ ಜೀವ ತಿನ್ನುತ್ತಿದ್ದರು. ಬಾಗಿಲು ತೆರೆದದ್ದೇ ತಡ, ಒಳಗೆ ನುಗ್ಗಿ ಮತ್ತೆ ಅದೇ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅದಕ್ಕೆ ಅವನು ಬೇಸರ ಮಾಡಿಕೊಂಡವನಲ್ಲ, ಬಾಗಿಲು ಇರುವುದೇ ಹಾಕಿಕೊಳ್ಳುವುದಕ್ಕೆ. ಆದರೆ ಕೆಲಸವಿಲ್ಲದೆ ಒಬ್ಬರನ್ನು ಮಾತಾಡಿಸುವುದು ಹೇಗೆ ಎನ್ನುವ ವಿದ್ಯೆ ಮಾತ್ರ ಅವನಿಗೆ ಹತ್ತಲೇ ಇಲ್ಲ. ಬೀಗ ಕೆಟ್ಟಿದೆ ಎಂದರೆ ಎಷ್ಟು ಹೊತ್ತು ಬೇಕಾದರೂ ಮಾತಾಡುತ್ತಿದ್ದ. ಬೀಗ ಸರಿಹೋಯಿತೋ, ಮಾತೂ ಮುಗಿಯಿತು.

ಮನೆಯಲ್ಲಿ ಮಾತಿನ ಗುತ್ತಿಗೆಯೆಲ್ಲ ಅಕ್ಕನದಾಗಿತ್ತು. ಅಕ್ಕ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬಟ್ಟೆ ಹೊಲಿಯುತ್ತಿದ್ದಳು. ತಮ್ಮನದೊಂದು ಆಗಲಿ, ಆಮೇಲೆ ತನ್ನದು ಎಂದು ಅವಳು. ಅಕ್ಕನದು ಮೊದಲಾಗಲಿ, ಆಮೇಲೆ ತನ್ನದು ಎಂದು ಇವನು. ಹೀಗೆ ಒಬ್ಬರಿಗೊಬ್ಬರು ದಾರಿ ಬಿಡುತ್ತ ಬಿಡುತ್ತ ಇಬ್ಬರೂ ಮದುವೆಯ ವಯಸ್ಸು ದಾಟಿದ್ದರು. ಸಂಜೆ ಅವನು ಬಂದು ಕುಳಿತರೆ ಅವಳು ಅವನ ಎಡಗಿವಿಯ ಕಡೆ ಬಂದು ಬೀದಿಯ ಸುದ್ದಿಯನ್ನೆಲ್ಲ ಕೂಗಿ ಹೇಳುತ್ತಿದ್ದಳು. ಗುಟ್ಟಿನ ಸುದ್ದಿಯನ್ನೂ ಕೂಗಿಯೇ ಹೇಳಬೇಕಾದ್ದರಿಂದ ಬೀದಿಯಲ್ಲಿ ಅವಳಿಂದ ಯಾವ ಗುಟ್ಟೂ ಉಳಿದಿರಲಿಲ್ಲ. ಹಿತ್ತಲಿನ ಗಿಡಗಳೂ ಅವಳವೇ. ಹೋದ ವರ್ಷ ಚಳಿ ಮುಗಿಯುವ ಹೊತ್ತಿಗೆ ಅಕ್ಕ ತೀರಿಕೊಂಡಳು. ಆಮೇಲೆ ಆ ಮನೆಯಲ್ಲಿ ನಲ್ಲಿಯ ಸದ್ದು, ಪಾತ್ರೆಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅವನ ಕಿವಿಗೆ ಅವೂ ಅರ್ಧಂಬರ್ಧ.

ಅವನ ಮನೆಯ ಬೆನ್ನಿಗೆ ಬೆನ್ನು ಕೊಟ್ಟು ಇನ್ನೊಂದು ಮನೆಯಿತ್ತು. ಅದರ ಮುಂಬಾಗಿಲು ಆಚೆ ಬೀದಿಗೆ. ಅಲ್ಲಿ ಇದ್ದವರು ನರ್ಸಮ್ಮ. ಆಸ್ಪತ್ರೆಯ ಕೆಲಸದಿಂದ ನಿವೃತ್ತರಾಗಿ ಬಹಳ ಕಾಲವಾಗಿದ್ದರೂ ಬಿಳಿ ಚಪ್ಪಲಿ ಬಿಟ್ಟಿರಲಿಲ್ಲ, ಗದರುವ ದನಿಯನ್ನೂ ಬಿಟ್ಟಿರಲಿಲ್ಲ. ಒಂಟಿ ಹೆಂಗಸು. ಹಿತ್ತಲಲ್ಲಿ ಆರೋ ಏಳೋ ಕೋಳಿ ಸಾಕಿಕೊಂಡಿದ್ದರು. ಅಕ್ಕನಿಗೂ ಅವರಿಗೂ ಗೋಡೆಯ ಮೇಲಿನ ಸ್ನೇಹ. ಅಕ್ಕ ಸತ್ತ ಮೇಲೆ ಒಂದು ಭಾನುವಾರ, ಅವನು ಗಿಡಗಳಿಗೆ ನೀರು ಹನಿಸುತ್ತಿದ್ದಾಗ, ಗೋಡೆಯ ಮೇಲೆ ಮೊದಲು ಒಂದು ನೀಲಿ ಬಕೆಟ್ಟು, ಅದರ ಹಿಂದೆ ಎರಡು ಕೈ, ಕೈಗಳ ನಡುವೆ ಅರ್ಧ ಹಣೆ ಕಾಣಿಸಿತು. ಗೋಡೆ ಎತ್ತರದ್ದು. ನರ್ಸಮ್ಮ ಆ ಕಡೆ ಸ್ಟೂಲು ಹತ್ತಿ ನಿಂತಿದ್ದರು.

"ನಿಮ್ಮಕ್ಕ ಕೋಳಿ ಗೊಬ್ಬರ ಕೇಳಿದ್ದಳಪ್ಪ. ಕೊಡ್ತೀನಿ ಕೊಡ್ತೀನಿ ಅಂತ ಕೊಟ್ಟೇ ಇರ್ಲಿಲ್ಲ. ಹಿಡ್ಕೋ" ಎಂದರು.

ಅವನು ಹಿಡಿದುಕೊಂಡ. ಅಕ್ಕ ಕೇಳಿದ್ದು ಎಂದ ಮೇಲೆ ತಡಮಾಡುವುದುಂಟೆ? ಆಗಲೇ ಅಷ್ಟನ್ನೂ ಬದನೆ ಗಿಡಗಳ ಬುಡಕ್ಕೆ ಧಾರಾಳವಾಗಿ ಸುರಿದ. ಹಸಿ ಹಿಕ್ಕೆ, ಮೂಗು ಕಿತ್ತುಹೋಗುವ ವಾಸನೆ. ವಾರ ಕಳೆಯುವುದರೊಳಗೆ ಎಲೆಗಳ ಅಂಚೆಲ್ಲ ಬೆಂಕಿ ತಾಕಿದ ಹಾಗೆ ಕಂದಿತು. ಕೆಲವು ಗಿಡಗಳು ಅಲ್ಲೇ ತಲೆ ಬಾಗಿಸಿದವು. ಅಕ್ಕ ನೆಟ್ಟ ಗಿಡಗಳು. ಅವನಿಗೆ ದುಃಖ ಒತ್ತರಿಸಿ ಬಂತು. ಮುಂದಿನ ಭಾನುವಾರ ಗೋಡೆಯಾಚೆಯಿಂದ ಅರ್ಧ ಹಣೆ ಮತ್ತೆ ಮೇಲೆದ್ದಿತು, ಈ ಸಲ ಕಣ್ಣುಗಳೂ ಕಂಡವು.

"ಅಯ್ಯೋ ಪುಣ್ಯಾತ್ಮ! ಹಸಿ ಗೊಬ್ಬರ ಹಾಗೇ ಹಾಕಿದ್ಯಾ? ಅದು ಉರಿ ಉರಿ ಇರತ್ತೆ ಕಣಪ್ಪ, ಗಿಡ ಸುಟ್ಟುಹೋಗತ್ತೆ!"

"ಗೊತ್ತಿರ್ಲಿಲ್ಲ ಅಮ್ಮಾ."

"ಗೊತ್ತಿಲ್ದಿದ್ರೆ ಕೇಳ್ಬೇಕು. ಬಾಯಿಲ್ವಾ ನಿಂಗೆ?"

ಬಾಯಿತ್ತು. ಅದನ್ನು ಬಳಸಿ ಬಹಳ ದಿನವಾಗಿತ್ತು, ಅಷ್ಟೇ. ಅವತ್ತು ನರ್ಸಮ್ಮ ಸ್ಟೂಲಿನ ಮೇಲೆ ನಿಂತೇ ಪಾಠ ಮಾಡಿದರು. ಗೊಬ್ಬರ ಒಂದು ಪಾಲಾದರೆ ಒಣಗಿದ ಎಲೆ, ಮರದ ಹೊಟ್ಟು ಎರಡು ಮೂರು ಪಾಲು. ಪದರ ಪದರವಾಗಿ ಹಾಕಬೇಕು. ಹಿಂಡಿದ ಬಟ್ಟೆಯಷ್ಟು ಒದ್ದೆ ಇರಬೇಕು, ತೊಟ್ಟಿಕ್ಕಬಾರದು. ಆಗಾಗ ಮಗುಚಬೇಕು. ರಾಶಿ ಒಳಗೊಳಗೇ ಬಿಸಿಯೇರುತ್ತದೆ, ಆಮೇಲೆ ತಾನೇ ತಣಿಯುತ್ತದೆ. ತಣಿದು, ಕಪ್ಪಾಗಿ, ಮಣ್ಣಿನ ವಾಸನೆ ಬರುವ ತನಕ ಗಿಡದ ಹತ್ತಿರ ಕೊಂಡೊಯ್ಯಕೂಡದು.

"ಬಿಸಿ ಇದೆಯಾ ಇಲ್ವಾ ಅಂತ ಹೇಗೆ ಗೊತ್ತಾಗೋದು ಅಮ್ಮಾ?"

"ಕೈ ಇಟ್ಟು ನೋಡು. ಜ್ವರ ಇದ್ರೆ ಒಳಗೆ ಕೆಲಸ ನಡೀತಿದೆ ಅಂತ. ಜ್ವರ ಬಿಡೋವರ್ಗೂ ಡಿಸ್ಚಾರ್ಜ್ ಮಾಡ್ಬೇಡ."

ಅಕ್ಕ ಹೋದ ಮೇಲೆ ಯಾರಾದರೂ ಅವನೊಡನೆ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು. ಅವರು ಸ್ಟೂಲಿನಿಂದ ಇಳಿದು ಹೋದ ಮೇಲೂ ಅವನು ಎಡಗಿವಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಸ್ವಲ್ಪ ಹೊತ್ತು ನಿಂತೇ ಇದ್ದ.

ಅಲ್ಲಿಂದ ಶುರುವಾಯಿತು. ಪ್ರತಿ ಭಾನುವಾರ ಬಕೆಟ್ಟು ಬರುತ್ತಿತ್ತು. ಅದೇ ದಿನ ಸಂಜೆ ಅವನು ಬಕೆಟ್ಟನ್ನು ತೊಳೆದು, ಒಳಗೊಂದು ಹಿಡಿ ಸೊಪ್ಪು ಇಟ್ಟು ಗೋಡೆಯ ಮೇಲೆ ಕೂರಿಸುತ್ತಿದ್ದ. ಕೆಲವೊಮ್ಮೆ ಗೊಬ್ಬರದ ಮೇಲೆ ಕಾಗದದಲ್ಲಿ ಸುತ್ತಿದ ಮೊಟ್ಟೆಯೂ ಇರುತ್ತಿತ್ತು. ಮಾತು ಹೆಚ್ಚೇನಿಲ್ಲ. ರಾಶಿಗೆ ಜ್ವರ ಇದೆಯಾ ಎಂದು ಅವರು, ಕೋಳಿಗಳು ಹೇಗಿವೆ ಎಂದು ಇವನು. ನರ್ಸಮ್ಮ ಕೋಳಿಗಳಿಗೆ ಹೆಸರಿಟ್ಟಿರಲಿಲ್ಲ, ಬೆಡ್ ನಂಬರ್ ಕೊಟ್ಟಿದ್ದರು. "ಮೂರನೇ ಬೆಡ್ಡಿನವಳು ಯಾಕೋ ಮಂಕಾಗಿದ್ದಾಳೆ", "ಐದನೇ ಬೆಡ್ಡಿನವಳಿಗೆ ಕೊಬ್ಬು, ಪಕ್ಕದವಳ ಊಟನೂ ತಿಂತಾಳೆ" ಎಂದು ವರದಿ ಒಪ್ಪಿಸುತ್ತಿದ್ದರು. ಅವನು ವಾರವಿಡೀ ಯಂತ್ರದ ಮುಂದೆ ಕುಳಿತು ಐದನೇ ಬೆಡ್ಡಿನವಳ ಬಗ್ಗೆ ಯೋಚಿಸಿ ಒಬ್ಬನೇ ನಗುತ್ತಿದ್ದ. ಒಂದು ಸಲ ಹಾಗೆ ಮೈಮರೆತು ಯಾರದೋ ಕಪಾಟಿನ ಕೀಲಿಕೈಯನ್ನು ತಲೆಕೆಳಗಾಗಿ ಕೊರೆದಿಟ್ಟ. ಹಲ್ಲು ಇರಬೇಕಾದ ಕಡೆ ಬೆನ್ನು, ಬೆನ್ನಿರಬೇಕಾದ ಕಡೆ ಹಲ್ಲು. ಕಸುಬಿಗೆ ಕುಳಿತಾಗಿನಿಂದ ಅಂಥ ತಪ್ಪು ಮಾಡಿದವನಲ್ಲ. ಯಾರೂ ನೋಡಲಿಲ್ಲವಲ್ಲ ಎಂದುಕೊಂಡು ಅದನ್ನು ಹಿತ್ತಾಳೆ ಚೂರು ತುಂಬುವ ಗೋಣಿಚೀಲಕ್ಕೆ ಎಸೆದಿದ್ದ.

ಬೆಳಿಗ್ಗೆ ಎದ್ದು ಮೊದಲು ಮಾಡುವ ಕೆಲಸ ರಾಶಿಯೊಳಗೆ ಕೈ ತೂರಿಸುವುದು. ಮೊಣಕೈವರೆಗೂ ಹೋದರೆ ಒಳಗೆ ಬೆಚ್ಚಗೆ, ಜ್ವರದ ಹಣೆ ಮುಟ್ಟಿದ ಹಾಗೆ. ಪರೀಕ್ಷೆಗೆ ಒಂದು ಗಳಿಗೆ ಸಾಕು. ಅವನು ಅದಕ್ಕಿಂತ ಹೆಚ್ಚು ಹೊತ್ತು ಇಟ್ಟುಕೊಂಡಿರುತ್ತಿದ್ದ. ಆ ಮನೆಯಲ್ಲಿ ಅವನ ಮೈಯೊಂದನ್ನು ಬಿಟ್ಟರೆ ಬೆಚ್ಚಗಿದ್ದದ್ದು ಅದೊಂದೇ.

ಆದರೆ ಬಕೆಟ್ಟುಗಳು ಬರುತ್ತಲೇ ಇದ್ದವು, ಹಿತ್ತಲು ದೊಡ್ಡದಾಗಲಿಲ್ಲ. ಮಾಗಿದ ಗೊಬ್ಬರವನ್ನೇ ಹಾಕಿದರೂ ಅತಿಯಾಯಿತು. ಬದನೆ ಗಿಡಗಳು ಆಳೆತ್ತರ ಬೆಳೆದು, ಅಂಗೈಗಿಂತ ದೊಡ್ಡ ಎಲೆ ಬಿಟ್ಟುಕೊಂಡು ಕೊಬ್ಬಿ ನಿಂತವು. ಒಂದು ಕಾಯಿಲ್ಲ. ಟೊಮೇಟೊ ಹೂವು ಬಿಟ್ಟ ಹಾಗೆ ಮಾಡಿ ಉದುರಿಸುತ್ತಿತ್ತು. ಸಾಕು ಎನ್ನಬೇಕು ಎಂದು ಅವನಿಗೂ ಗೊತ್ತಿತ್ತು. ಸಾಕು ಎಂದರೆ ಬಕೆಟ್ಟು ನಿಲ್ಲುತ್ತದೆ, ಬಕೆಟ್ಟು ನಿಂತರೆ ಭಾನುವಾರ ನಿಲ್ಲುತ್ತದೆ. ಬಕೆಟ್ಟಿಲ್ಲದೆ ಗೋಡೆಯ ಹತ್ತಿರ ಹೋಗಿ ಏನೆಂದು ಕೂಗುವುದು? ಅವನು ತುಟಿ ಎರಡು ಮಾಡಲಿಲ್ಲ.

ತುಟಿ ಬಿಚ್ಚಿದವರು ಪಕ್ಕದ ಮನೆಯವರು. ಒಂದು ದಿನ ಗೇಟಿನ ಹತ್ತಿರ ಸೆರಗನ್ನು ಮೂಗಿಗೆ ಹಿಡಿದು ಪಕ್ಕದ ಮನೆಯಾಕೆ ಅವನನ್ನು ತಡೆದಳು.

"ಅಣ್ಣಾ, ತಪ್ಪು ತಿಳ್ಕೋಬೇಡಿ. ಕಿಟಕಿ ತೆಗೆಯೋ ಹಾಗಿಲ್ಲ, ಊಟಕ್ಕೆ ಕೂರೋ ಹಾಗಿಲ್ಲ. ನೀವು ಒಬ್ರೇ ಇರೋದು, ಇಷ್ಟೊಂದು ಗೊಬ್ಬರ ಏನ್ ಮಾಡ್ತೀರಾ? ಇನ್ನೂ ಒಂದು ರಾಶಿ ಹಾಕಿದ್ರೆ ನಾವು ಕಂಪ್ಲೇಂಟ್ ಕೊಡಬೇಕಾಗತ್ತೆ."

ನೀವು ಒಬ್ಬರೇ ಎಂಬ ಮಾತು ಕಂಪ್ಲೇಂಟಿಗಿಂತ ಹೆಚ್ಚು ನಾಟಿತು. ಅವನು ಆಯ್ತು ಎಂದು ತಲೆಯಾಡಿಸಿದ. ಆ ವಾರದಿಂದ ಹೊಸ ರಾಶಿ ಹಾಕುವುದನ್ನು ನಿಲ್ಲಿಸಿದ. ಬಕೆಟ್ಟನ್ನು ನಿಲ್ಲಿಸಲಿಲ್ಲ. ಅಂಗಡಿಯಲ್ಲಿದ್ದ ಗೋಣಿಚೀಲವನ್ನು ಕೊಡವಿ ತಂದು, ಭಾನುವಾರ ಬಂದದ್ದನ್ನು ಅದಕ್ಕೆ ತುಂಬಿ, ಸೋಮವಾರ ಬೆಳಿಗ್ಗೆ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಸೇತುವೆಯಾಚೆಯ ಗಿಡದಂಗಡಿಗೆ ಕೊಟ್ಟು ಬರತೊಡಗಿದ. ಆ ಕಡೆಗೆಲ್ಲ ಇದ್ದದ್ದು ಅದೊಂದೇ ಗಿಡದಂಗಡಿ. ಅಂಗಡಿಯವನು ಬದಲಿಗೆ ಒಂದೆರಡು ಸಸಿ ಕೊಡುತ್ತಿದ್ದ. ಸೋಮವಾರದ ಗಿರಾಕಿಗಳು ಬೀಗದಂಗಡಿಯಿಂದ ಸ್ವಲ್ಪ ದೂರ ನಿಂತೇ ವ್ಯವಹಾರ ಮುಗಿಸುತ್ತಿದ್ದರು. ಅದೂ ಅವನಿಗೆ ಅಭ್ಯಾಸವಾಯಿತು.

"ನಿಮ್ಮ ಗೊಬ್ಬರ ಬಂದ ಹಾಗೇ ಖಾಲಿ ಆಗತ್ತೆ ಅಣ್ಣ. ಕಾಯ್ಕೊಂಡು ತಗೊಂಡ್ ಹೋಗೋರಿದ್ದಾರೆ" ಎಂದು ಗಿಡದಂಗಡಿಯವನು ಒಮ್ಮೆ ಹೇಳಿದ್ದ. ಕೀಲಿಯಣ್ಣನಿಗೆ ಹೆಮ್ಮೆಯೇ ಆಗಿತ್ತು.

ಸೆಕೆಗಾಲ ಬಂತು. ಮೊಟ್ಟೆ ಬರುವುದು ನಿಂತಿತು. ಕೇಳಿದ್ದಕ್ಕೆ ನರ್ಸಮ್ಮ, "ಎಲ್ಲ ಪುಕ್ಕ ಉದುರಿಸ್ತಾ ಕೂತಿವೆ. ಪುಕ್ಕ ಬದಲಾಯಿಸುವಾಗ ಮೊಟ್ಟೆ ಇಡಲ್ಲಪ್ಪ" ಎಂದರು. ಅವನು ನಂಬಿದ. ಕೋಳಿಗಳ ಸದ್ದು ಅವನಿಗೆ ಮೊದಲೂ ಕೇಳಿಸುತ್ತಿರಲಿಲ್ಲ, ಈಗಲೂ ಕೇಳಿಸುತ್ತಿರಲಿಲ್ಲ. ಬೇರೊಂದು ವಿಷಯ ಮಾತ್ರ ಅವನ ಗಮನಕ್ಕೆ ಬಂತು. ಗೊಬ್ಬರದ ವಾಸನೆ ವಾರದಿಂದ ವಾರಕ್ಕೆ ಕಡಿಮೆಯಾಗುತ್ತಿತ್ತು. ಮೊದಲಿನ ಹಾಗೆ ಕಣ್ಣಲ್ಲಿ ನೀರು ತರಿಸುವ ಘಾಟಿಲ್ಲ. ಬಣ್ಣವೂ ಕಪ್ಪಗೆ, ಕೈಯಲ್ಲಿ ಹಿಡಿದರೆ ಪುಡಿಪುಡಿ.

"ಈಗೀಗ ನಿಮ್ಮ ಕೋಳಿ ಗೊಬ್ಬರ ವಾಸನೇನೇ ಬರಲ್ಲ ಅಮ್ಮಾ" ಎಂದು ಮೆಚ್ಚಿಕೊಂಡ.

"ಮೇವು ಬದಲಾಯಿಸಿದ್ದೀನಿ" ಎಂದರು ನರ್ಸಮ್ಮ.

ಮತ್ತೊಂದು ಭಾನುವಾರ ಬಕೆಟ್ಟನ್ನು ಚೀಲಕ್ಕೆ ಬಗ್ಗಿಸುವಾಗ ಏನೋ ಬಕೆಟ್ಟಿನ ಅಂಚಿಗೆ ಬಡಿದು ಕೆಳಗೆ ಬಿತ್ತು. ಅವನು ಬಗ್ಗಿ ಎತ್ತಿಕೊಂಡ. ಒಂದು ಕೀಲಿಕೈ. ನರ್ಸಮ್ಮನ ಮನೆಯದೇನೋ ಪಾಪ ಎಂದು ಅಂಗಿಗೆ ಒರೆಸಿದ. ಒರೆಸಿದ ಮೇಲೆ ಹಿತ್ತಾಳೆ ಹೊಳೆಯಿತು. ಹಲ್ಲಿರಬೇಕಾದ ಕಡೆ ಬೆನ್ನು, ಬೆನ್ನಿರಬೇಕಾದ ಕಡೆ ಹಲ್ಲು.

ಲೋಕದಲ್ಲಿ ಯಾವ ಬೀಗಕ್ಕೂ ಹೊಂದದ ಆ ಕೀಲಿಕೈ ಅವನದೇ ಕೈಯ ಕೆಲಸ. ಅವನೇ ಗೋಣಿಚೀಲಕ್ಕೆ ಎಸೆದದ್ದು. ಕೊಡವಿದಾಗ ಮೂಲೆಯಲ್ಲಿ ಸಿಕ್ಕಿಕೊಂಡು ಉಳಿದಿರಬೇಕು, ಗೊಬ್ಬರದ ಜೊತೆ ಗಿಡದಂಗಡಿಗೆ ಹೋಗಿರಬೇಕು. ಹಾಗಾದರೆ ಅದು ನರ್ಸಮ್ಮನ ಕೋಳಿಗೂಡಿನಿಂದ ಬರುವ ಬಕೆಟ್ಟಿನಲ್ಲಿ ಹೇಗೆ? ಅವನು ಬಕೆಟ್ಟಿನ ತಳದ ಗೊಬ್ಬರವನ್ನು ಬಿಸಿಲಿಗೆ ಹಿಡಿದು ನೋಡಿದ. ಅಲ್ಲಲ್ಲಿ ಸಣ್ಣ ಸಣ್ಣ ಹಿತ್ತಾಳೆ ಚೂರು ಮಿನುಗುತ್ತಿದ್ದವು. ಅವನು ಬೆಪ್ಪಾಗಿ ಅಲ್ಲೇ ಕುಕ್ಕರಿಸಿದ.

ಸೋಮವಾರ ಗಿಡದಂಗಡಿಯಲ್ಲಿ ಚೀಲ ಇಳಿಸುತ್ತ, ಏನೂ ಗೊತ್ತಿಲ್ಲದವನ ಹಾಗೆ ಮಾತು ತೆಗೆದ.

"ಈ ಗೊಬ್ಬರ ಯಾರು ತಗೊಂಡ್ ಹೋಗ್ತಾರೆ?"

"ಒಬ್ರು ಅಮ್ಮ ಬರ್ತಾರೆ ಅಣ್ಣ, ಪ್ರತಿ ಶನಿವಾರ. ಬಿಳಿ ಚಪ್ಪಲಿ ಹಾಕ್ಕೊಂಡು, ಸ್ವಲ್ಪ ಜೋರು ಬಾಯಿ. ಕೋಳಿ ಗೊಬ್ಬರನೇ ಬೇಕು ಅಂತಾರೆ, ಬೇರೆ ಯಾವ್ದೂ ಬೇಡ."

"ಏನಕ್ಕಂತೆ?"

"ಯಾರಿಗೆ ಗೊತ್ತು? ಅವರ ಮನೇಲಿ ಕೋಳಿ ಇತ್ತಂತೆ, ಏನೋ ಸೀಕು ಬಂದು ಎಲ್ಲ ಹೋದ್ವಂತೆ. ಒಂದಿನ ಇಲ್ಲೇ ಕೂತ್ಕೊಂಡು ಹೇಳಿದ್ರು. ನನ್ನ ಕೈಯಲ್ಲಿ ಎಷ್ಟು ಜನ ಬದುಕಿದ್ರು, ಒಂದು ಕೋಳಿ ಬದುಕಲಿಲ್ಲ ನೋಡು ಅಂತ. ಪಾಪ ಅಣ್ಣ, ಮಂಡಿನೋವು ಅವರಿಗೆ. ಚೀಲ ಹೊತ್ಕೊಂಡು ಸೇತುವೆ ದಾಟೋದ್ರಲ್ಲಿ ಎಷ್ಟು ಕಡೆ ಕೂತು ಏಳ್ತಾರೋ. ಆಟೋದವರು ಗೊಬ್ಬರ ಅಂತ ಹತ್ತಿಸ್ಕೊಳಲ್ಲ. ಮನೆಗೆ ತಂದುಕೊಡ್ತೀನಿ ಅಂದ್ರೆ ಬೇಡ, ಯಾರಿಗೂ ಕಾಣಬಾರದು ಅಂತಾರೆ."

ಅವನು ಅವತ್ತು ಸಸಿ ತೆಗೆದುಕೊಳ್ಳಲಿಲ್ಲ. ಸೈಕಲ್ಲನ್ನು ತಳ್ಳಿಕೊಂಡೇ ಸೇತುವೆ ದಾಟಿದ. ಉದ್ದ ಸೇತುವೆ, ನೆರಳಿಲ್ಲ, ನಡುವೆ ಏರು. ಕಟ್ಟೆಯ ಮೇಲೆ ಅಲ್ಲಲ್ಲಿ ಕೂರಬಹುದಾದ ಜಾಗಗಳನ್ನು ನೋಡುತ್ತ ನಡೆದ. ಇಲ್ಲಿ ಕೂತಿರಬಹುದು, ಇಲ್ಲಿ ಕೂತಿರಬಹುದು ಎಂದುಕೊಂಡ. ತಾನು ಸೋಮವಾರ ಸೈಕಲ್ಲಿನಲ್ಲಿ ಆ ಕಡೆ ಒಯ್ಯುವುದನ್ನು ಅವರು ಶನಿವಾರ ತಲೆಯ ಮೇಲೆ ಈ ಕಡೆ ತರುತ್ತಿದ್ದರು. ಎರಡು ಮನೆಯ ನಡುವೆ ಒಂದೇ ಒಂದು ಗೋಡೆ. ಆ ಗೋಡೆ ದಾಟಿಸುವ ಒಂದು ಬಕೆಟ್ಟಿಗಾಗಿ ಇಬ್ಬರೂ ಊರು ಸುತ್ತುತ್ತಿದ್ದರು. ಅವನಿಗೆ ನಗು ಬಂತು. ಅವರಿಗೂ ಭಾನುವಾರ ಬೇಕಾಗಿತ್ತು ಎಂಬ ಯೋಚನೆಯೇ ಅವನಿಗೆ ಇಷ್ಟು ದಿನ ಬಂದಿರಲಿಲ್ಲ. ತನಗೆ ಮಾತ್ರ ಹಾಗೆ ಎಂದುಕೊಂಡಿದ್ದ.

ಆ ವಾರವೆಲ್ಲ ಅವನ ತಲೆಯಲ್ಲಿ ಅದೊಂದೇ. ಸುಮ್ಮನಿದ್ದರೆ ಆ ಹೆಂಗಸು ಮಂಡಿ ಸವೆಯುವ ತನಕ ಸೇತುವೆ ದಾಟುತ್ತಾರೆ. ಸಾಕು ಎಂದರೆ ಸೇತುವೆಯೂ ಇಲ್ಲ, ಬಕೆಟ್ಟೂ ಇಲ್ಲ, ಅವರೂ ಇಲ್ಲ. ಎಲ್ಲ ಗೊತ್ತಾಯಿತು ಎಂದು ಬಾಯಿ ಬಿಟ್ಟರೆ ಅವರ ಮಾನ ಹೋಗುತ್ತದೆ. ಆ ದರ್ಪದ ಹೆಂಗಸು ಆಮೇಲೆ ಗೋಡೆಯ ಹತ್ತಿರ ಸುಳಿದಾರೆಯೇ? ಯಾವ ಕಡೆಯಿಂದ ತಿರುಗಿಸಿದರೂ ತೆರೆಯದ ಬೀಗ. ಕೊನೆಗೆ ಅವನು ಎರಡು ಮಾತು ಸಿದ್ಧ ಮಾಡಿಕೊಂಡ. ಮೊದಲನೆಯದು, ಗೊಬ್ಬರ ಸಾಕು. ಎರಡನೆಯದು, ಗೊಬ್ಬರ ಇಲ್ಲದಿದ್ದರೂ ಮಾತಾಡಿಸುತ್ತ ಇರಿ. ಎರಡನೆಯದನ್ನು ಯಂತ್ರದ ಸದ್ದಿನಲ್ಲಿ ಯಾರಿಗೂ ಕೇಳಿಸದ ಹಾಗೆ ಎಷ್ಟೋ ಸಲ ಹೇಳಿ ನೋಡಿಕೊಂಡ.

ಭಾನುವಾರ ಬಂತು. ಬಕೆಟ್ಟು ಬಂತು.

"ಹಿಡ್ಕೋಪ್ಪ" ಎಂದರು ನರ್ಸಮ್ಮ. ಏದುಸಿರು ಈಗ ಅವನಿಗೂ ಕೇಳಿಸಿತು.

ಅವನು ಇಳಿಸಿಕೊಂಡ. ರೂಢಿಯ ಬಲದಿಂದ ಬಾಯಿ ತಾನೇ ಕೇಳಿಬಿಟ್ಟಿತು. "ಐದನೇ ಬೆಡ್ಡಿನವಳು ಹೇಗಿದ್ದಾಳೆ ಅಮ್ಮಾ?"

"ಅವಳಿಗೇನು, ಗುಂಡುಕಲ್ಲು ಇದ್ದ ಹಾಗಿದ್ದಾಳೆ. ಬೆಳಿಗ್ಗೆ ಎಲ್ಲರ ಪಾಲೂ ತಿಂದ್ಲು."

ಸತ್ತುಹೋದ ಕೋಳಿಗೆ ವಾರವಾರವೂ ಊಟ ಬಡಿಸುತ್ತಿದ್ದಾರೆ ಈ ಹೆಂಗಸು, ತನಗೊಂದು ಸುದ್ದಿ ಹೇಳುವುದಕ್ಕಾಗಿ. ಇನ್ನು ತಡೆದರೆ ಆಗುವುದಿಲ್ಲ ಎಂದು ಕಣ್ಣು ಮುಚ್ಚಿ ಹೇಳಿಬಿಟ್ಟ.

"ಅಮ್ಮಾ, ಗೊಬ್ಬರ ಸಾಕು."

"ಏನಂದೆ?"

"ಗಿಡಕ್ಕೆ ಜಾಸ್ತಿ ಆಗಿಬಿಟ್ಟಿದೆ. ಬರೀ ಎಲೆ ಬರ್ತಿದೆ, ಕಾಯಿ ಕಟ್ತಿಲ್ಲ. ಇನ್ಮೇಲೆ ನೀವು ತೊಂದ್ರೆ ತಗೋಬೇಡಿ."

ಎರಡನೆಯ ಮಾತಿಗೆ ಅದೇ ಸಮಯ. ಅವನು ಬಾಯಿ ತೆರೆದ. ಮಾತು ಒಳಗೇ ಕಚ್ಚಿಕೊಂಡಿತು. ಕೆಲಸ ಮುಗಿದ ಮೇಲೆ ಮಾತಾಡಿ ಅಭ್ಯಾಸವಿಲ್ಲದ ಬಾಯಿ ಅದು.

"ಸರಿ ಬಿಡು" ಎಂದರು ನರ್ಸಮ್ಮ. ಮನೆಗೆ ಹೊರಟ ರೋಗಿಯನ್ನು ಕಳಿಸಿಕೊಡುವ ದನಿ. "ಮೊದಲೇ ಹೇಳಿದ್ರೆ ಇನ್ನೂ ಒಳ್ಳೇದಿತ್ತು." ಕೈಗಳು ಗೋಡೆಯಿಂದ ಸರಿದವು. ಸ್ಟೂಲು ಎಳೆದ ಸದ್ದನ್ನು ಅವನು ಎಡಗಿವಿಯಲ್ಲಿ ಕೇಳಿಸಿಕೊಂಡ.

ಒಳ್ಳೆಯ ಕೆಲಸವನ್ನೇ ಮಾಡಿದ್ದ. ಮಾಡಿದ ಮೇಲೆ ಮನೆ ಮೊದಲಿಗಿಂತ ಖಾಲಿಯಾಯಿತು. ಶನಿವಾರ ಅವರು ಸೇತುವೆಯ ಮೇಲಿಲ್ಲ ಎಂದು ನೆನೆಸಿಕೊಂಡು ಸಮಾಧಾನ ತಂದುಕೊಳ್ಳಲು ನೋಡಿದ. ಭಾನುವಾರ ಬೆಳಿಗ್ಗೆ ಆ ಸಮಾಧಾನ ಏನೂ ಕೆಲಸಕ್ಕೆ ಬರಲಿಲ್ಲ. ಗೋಡೆಯ ಬುಡದಲ್ಲಿ ಕಳೆ ಕೀಳುವ ನೆಪ ಮಾಡಿಕೊಂಡು ಕುಳಿತ. ಕೀಳುವುದಕ್ಕೆ ಕಳೆ ಮುಗಿಯಿತು. ನೆತ್ತಿಗೆ ಬಿಸಿಲು ಬಂತು. ಗೋಡೆಯ ಮೇಲೆ ಯಾವ ಕೈಯೂ ಬರಲಿಲ್ಲ. ಅಕ್ಕ ಸತ್ತ ದಿನ ಅವನು ಅತ್ತಿರಲಿಲ್ಲ, ಮಾಡಬೇಕಾದ ಕೆಲಸ ಬಹಳವಿತ್ತು. ಅವತ್ತು ಕೆಲಸವಿರಲಿಲ್ಲ. ಬದನೆ ಗಿಡದ ಮರೆಯಲ್ಲಿ ಕುಳಿತು ಅತ್ತ. ಆ ಎಲೆಗಳು ಅಷ್ಟು ದೊಡ್ಡದಾಗಿ ಬೆಳೆದದ್ದಕ್ಕೆ ಅದೊಂದು ಉಪಯೋಗವಾಯಿತು.

ಮುಖ ತೊಳೆಯಲು ನಲ್ಲಿಯ ಹತ್ತಿರ ಹೋದಾಗ ನೀಲಿ ಬಕೆಟ್ಟು ಕಣ್ಣಿಗೆ ಬಿತ್ತು. ಹೋದ ವಾರ ಅದನ್ನು ವಾಪಸ್ಸು ಕೊಡುವುದನ್ನೇ ಮರೆತಿದ್ದ. ಗೊಬ್ಬರ ಅದರಲ್ಲೇ ಇತ್ತು. ಕೈ ಹಾಕಿ ನೋಡಿದ. ತಣ್ಣಗಿತ್ತು, ಒಂದಿಷ್ಟೂ ಜ್ವರವಿಲ್ಲ. ಮೂಗಿಗೆ ಹಿಡಿದ. ಅಪ್ಪಟ ಮಣ್ಣಿನ ವಾಸನೆ. ಚೀಲದಿಂದ ಬಕೆಟ್ಟಿಗೆ, ಬಕೆಟ್ಟಿನಿಂದ ಚೀಲಕ್ಕೆ, ಸೈಕಲ್ಲಿನ ಮೇಲೆ ಅತ್ತ, ತಲೆಯ ಮೇಲೆ ಇತ್ತ ಮಗುಚಿಸಿಕೊಂಡು ಮಗುಚಿಸಿಕೊಂಡು ಅದು ತನ್ನಷ್ಟಕ್ಕೆ ಮಾಗಿತ್ತು. ಬದನೆಗೆ ಅದು ಬೇಕಿರಲಿಲ್ಲ. ಅಕ್ಕನ ಬಡಕಲು ನಿಂಬೆಗಿಡದ ಸುತ್ತ ಮಣ್ಣು ಕೆದಕಿ ಅಷ್ಟನ್ನೂ ಹರಡಿದ. ಹಿತ್ತಾಳೆ ಚೂರುಗಳು ಮಣ್ಣಿನಲ್ಲಿ ಮಿನುಗಿದವು.

ಆ ವಾರ ಬಕೆಟ್ಟನ್ನು ತಿಕ್ಕಿ ತೊಳೆದು ಬಿಸಿಲಿಗೆ ಒಣಗಿಸಿದ. ಇನ್ನೊಬ್ಬರ ಬಕೆಟ್ಟು, ವಾಪಸ್ಸು ಕೊಡಲೇಬೇಕು. ಅದು ಕೆಲಸ. ಕೆಲಸವಿದ್ದರೆ ಅವನಿಗೆ ಧೈರ್ಯ. ಒಳಗೆ ಏನಿಡುವುದು ಎಂದು ಬಹಳ ಯೋಚಿಸಿದ. ಸೊಪ್ಪು ಇಡಬಹುದು. ಇಟ್ಟರೆ ಆ ಸ್ವಾಭಿಮಾನದ ಹೆಂಗಸು ಸುಮ್ಮನಿರುವುದಿಲ್ಲ, ಬದಲಿಗೆ ಎಲ್ಲಿಂದಲೋ ಏನನ್ನೋ ಹೊತ್ತು ತರುತ್ತಾರೆ. ಮತ್ತೆ ಸೇತುವೆ, ಮತ್ತೆ ಮಂಡಿ.

ಭಾನುವಾರ ಬೆಳಿಗ್ಗೆ ಬಕೆಟ್ಟನ್ನು ಗೋಡೆಯ ಮೇಲಿಟ್ಟು, ಬಿಡದೆ ಹಿಡಿದುಕೊಂಡೇ ಕೂಗಿದ.

"ಅಮ್ಮಾ!"

ಉತ್ತರವಿಲ್ಲ. ಇದ್ದರೂ ತನಗೆ ಕೇಳಿಸದಿರಬಹುದು ಎಂದು ಇನ್ನೊಮ್ಮೆ, ಅಕ್ಕ ಕೂಗುತ್ತಿದ್ದಷ್ಟು ಜೋರಾಗಿ ಕೂಗಿದ. ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು. ತೆರೆದುಕೊಳ್ಳಲಿ. ಕೈ ಸೋಲುವಷ್ಟು ಹೊತ್ತಾದ ಮೇಲೆ ಆ ಕಡೆ ಸ್ಟೂಲು ಎಳೆದ ಸದ್ದಾಯಿತು. ನಿಧಾನವಾಗಿ ಎರಡು ಕೈ ಬಂದವು, ಆಮೇಲೆ ಅರ್ಧ ಹಣೆ.

"ಏನಪ್ಪ ಇದರಲ್ಲಿ?"

"ಏನೂ ಇಲ್ಲಮ್ಮ. ಖಾಲಿ."

ನರ್ಸಮ್ಮ ಬಕೆಟ್ಟಿನೊಳಗೆ ಬಗ್ಗಿ ನೋಡಿದ್ದು ಅವನಿಗೆ ತಿಳಿಯಿತು. ಬಹಳ ಹೊತ್ತು ನೋಡಿದರು. ಅಷ್ಟು ಹೊತ್ತು ನೋಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

"ಕೋಳಿಗಳೂ ಇಲ್ಲಪ್ಪ" ಎಂದರು. ಗದರುವ ದನಿಯಲ್ಲ, ಅವನು ಎಂದೂ ಕೇಳದ ಸಣ್ಣ ದನಿ. ಹೇಗೋ ಅದು ಅವನ ಎಡಗಿವಿಗೆ ಸರಿಯಾಗಿ ಕೇಳಿಸಿತು.

"ಗೊತ್ತಮ್ಮ."

ಗೋಡೆಯಾಚೆಯ ಕೈಗಳು ಬಕೆಟ್ಟಿನ ಅಂಚನ್ನು ಹಿಡಿದವು. ಸ್ವಲ್ಪ ಹೊತ್ತು ಬಕೆಟ್ಟನ್ನು ಎರಡೂ ಕಡೆಯವರು ಹಿಡಿದುಕೊಂಡಿದ್ದರು. ಆಮೇಲೆ ನರ್ಸಮ್ಮ ಅದನ್ನು ತಮ್ಮ ಕಡೆ ಎಳೆದುಕೊಂಡರು.

"ಹಾಗಾದ್ರೆ ಬರೋ ಭಾನುವಾರ ವಾಪಸ್ ಕೊಡ್ತೀನಿ" ಎಂದರು.